ಯಾವ ಮಾತ್ರೆ ಯಾವ ಬ್ಯಾಕ್ಟೀರಿಯಾಕ್ಕೆ: ಸ್ವೀಡನ್ನಿನಿಂದ ಹಂತ ಹಂತವಾಗಿ ಒಂದು ಆಂಟಿಬಯೋಟಿಕ್ ಪಾಠ

ಸ್ಟಾಕ್‌ಹೋಮಿನ ಶಿಸ್ತಾ ಇರಲಿ, ಗೋಥೆನ್‌ಬರ್ಗ್ ಇರಲಿ, ಊರಿಂದ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಮೊದಲ ಚಳಿಗಾಲ ಕಳೆಯುವುದರೊಳಗೆ ಒಂದು ಮಾತು ಬಂದೇ ಬರುತ್ತದೆ: "ಮಗೂಗೆ ಮೂರು ದಿನದಿಂದ ಜ್ವರ, ಇಲ್ಲಿಯ ಡಾಕ್ಟರು ಆಂಟಿಬಯೋಟಿಕ್ ಕೊಡೋದೇ ಇಲ್ಲ. ಅಲ್ವೆಡಾನ್ ಹಾಕಿ, ನೀರು ಕುಡಿಸಿ ಅಂತಾರೆ." ಅಲ್ವೆಡಾನ್‌ನಲ್ಲಿರುವುದು ನಮ್ಮ ಡೋಲೋದಲ್ಲಿರುವ ಪ್ಯಾರಾಸಿಟಮಾಲೇ. ಆಂಟಿಬಯೋಟಿಕ್ ಬರೆದುಕೊಟ್ಟರೂ ಅದು ಕೋವೆಪೆನಿನ್ ಎಂಬ ಹಳೇ ಕಾಲದ ಪೆನಿಸಿಲಿನ್. ಊರಲ್ಲಾಗಿದ್ದರೆ ಅಜಿತ್ರೋಮೈಸಿನ್ನೋ ಆಗ್ಮೆಂಟಿನ್ನೋ ಸಿಗುತ್ತಿತ್ತು, ಅದು 'ಹೈ ಪವರ್' ಎಂಬ ನಂಬಿಕೆ ಬೇರೆ.

ಈ 'ಪವರ್' ಎಂಬ ಅಳತೆಗೋಲನ್ನು ಮೊದಲು ಕೆಳಗಿಡಬೇಕು. ಗಂಟಲಿನ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾಕ್ಕೆ ಹಳೇ ಪೆನಿಸಿಲಿನ್ನಿಗಿಂತ ಒಳ್ಳೆಯ ಮದ್ದಿಲ್ಲ. ಅದೇ ಪೆನಿಸಿಲಿನ್ನು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಮುಟ್ಟುವುದೂ ಇಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಏರಿಸುವ ವ್ಯಾಂಕೋಮೈಸಿನ್ ಕೂಡ ಉರಿಮೂತ್ರ ತರುವ ಇ. ಕೋಲೈ ಮುಂದೆ ನಿಷ್ಪ್ರಯೋಜಕ. ಇಲ್ಲಿ ಕೇಳಬೇಕಾದದ್ದು ಹೊಂದಿಕೆಯ ಪ್ರಶ್ನೆ. ಆ ಹೊಂದಿಕೆಯನ್ನು ಕಲಿಯುವ ದಾರಿ ಇಲ್ಲಿದೆ. ನರ್ಸಿಂಗ್, ಫಾರ್ಮಸಿ ಮೊದಲ ವರ್ಷದವರಿಗೂ ಆದೀತು, ಮಕ್ಕಳಿರುವ ಮನೆಯವರಿಗೂ ಆದೀತು. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಇದು ಡಾಕ್ಟರ ಮಾತನ್ನು ಅರ್ಥಮಾಡಿಕೊಳ್ಳಲು. ನೀವೇ ಮದ್ದು ಆರಿಸಿ ನುಂಗಲು ಅಲ್ಲ.

ಹಂತ 1: ಬ್ಯಾಕ್ಟೀರಿಯಾವೋ, ವೈರಸ್ಸೋ?

ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಎಡಕ್ಕೆ ವೈರಸ್, ಬಲಕ್ಕೆ ಬ್ಯಾಕ್ಟೀರಿಯಾ ಎಂದು ಬರೆಯಿರಿ. ನೆಗಡಿ, ಫ್ಲೂ, ಕೋವಿಡ್, ಬಹುಪಾಲು ಕೆಮ್ಮು, ಬಹುಪಾಲು ಗಂಟಲು ನೋವು ಎಡಕ್ಕೆ ಹೋಗುತ್ತವೆ. ಎಡಗಡೆಯ ಯಾವುದಕ್ಕೂ ಆಂಟಿಬಯೋಟಿಕ್ ನಾಟುವುದಿಲ್ಲ, ಯಾಕೆಂದರೆ ಅದು ಹೊಡೆಯುವ ಗುರಿಗಳು ವೈರಸ್ಸಿನಲ್ಲಿ ಇಲ್ಲವೇ ಇಲ್ಲ.

ಇದನ್ನು ಮನಸ್ಸಿನಲ್ಲಿ ಕೂರಿಸಲು ಉಣುಗಿನ ಕತೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮಲೆನಾಡಿನವರಿಗೆ ಉಣುಗು ಅಂದರೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ ಅದು. ಸ್ಟಾಕ್‌ಹೋಮಿನ ಸುತ್ತಣ ದ್ವೀಪಗಳ ಹುಲ್ಲಿನಲ್ಲೂ ಉಣುಗು ಇದೆ, ಸ್ವೀಡಿಶರು ಅದನ್ನು ಫೆಸ್ಟಿಂಗ್ ಎನ್ನುತ್ತಾರೆ. ಅದು ಎರಡು ಬಗೆಯ ರೋಗಾಣುಗಳನ್ನು ಹೊತ್ತಿರಬಹುದು. ಒಂದು, ಮಿದುಳು ಜ್ವರ ತರುವ ಟಿಬಿಇ ವೈರಸ್. ಇದು ಕ್ಯಾಸನೂರು ವೈರಸ್ಸಿನ ಹತ್ತಿರದ ಬಂಧು. ಇದಕ್ಕೆ ಆಂಟಿಬಯೋಟಿಕ್ ಇಲ್ಲ, ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ಇನ್ನೊಂದು, ಬೊರ್ರೇಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಕಚ್ಚಿದ ಜಾಗದ ಸುತ್ತ ದಿನೇ ದಿನೇ ಹಿಗ್ಗುವ ಕೆಂಪು ಉಂಗುರ ಇದರ ಗುರುತು. ಇದನ್ನು 1909ರಲ್ಲೇ ವರ್ಣಿಸಿದವರು ಅರ್ವಿಡ್ ಅಫ್ಜೇಲಿಯಸ್ ಎಂಬ ಸ್ವೀಡಿಶ್ ಚರ್ಮವೈದ್ಯರು. ಬೊರ್ರೇಲಿಯಾದ ಒಂದು ಪ್ರಭೇದಕ್ಕೆ ಅವರದೇ ಹೆಸರಿದೆ. 1951ರಲ್ಲಿ ಐನಾರ್ ಹೋಲ್‌ಸ್ಟ್ರೋಮ್ ಎಂಬ ಇನ್ನೊಬ್ಬ ಸ್ವೀಡಿಶ್ ವೈದ್ಯರು ಈ ಉಂಗುರ ಪೆನಿಸಿಲಿನ್ನಿನಿಂದ ವಾಸಿಯಾಗುತ್ತದೆ ಎಂದು ಪ್ರಕಟಿಸಿದರು. ಬ್ಯಾಕ್ಟೀರಿಯಾ ಕಣ್ಣಿಗೆ ಬಿದ್ದದ್ದು ಮಾತ್ರ 1980ರ ದಶಕದ ಆರಂಭದಲ್ಲಿ. ಇಂದಿಗೂ ಜ್ವರವಿಲ್ಲದ ಒಂಟಿ ಉಂಗುರಕ್ಕೆ ಸ್ವೀಡನ್ನಿನಲ್ಲಿ ಪೆನಿಸಿಲಿನ್ನೇ, ಹತ್ತು ದಿನ. ಒಂದೇ ಹುಳು, ಎರಡು ರೋಗಾಣು: ಒಂದು ಎಡಕ್ಕೆ, ಒಂದು ಬಲಕ್ಕೆ.

ಬಡಾವಣೆಯ ವೋರ್ಡ್‌ಸೆಂಟ್ರಾಲ್, ಅಂದರೆ ಆರೋಗ್ಯ ಕೇಂದ್ರದಲ್ಲಿ ಇದನ್ನು ಹೇಗೆ ಬೇರ್ಪಡಿಸುತ್ತಾರೆ? ಗಂಟಲು ನೋವಿಗೆ ನಾಲ್ಕು ಲಕ್ಷಣ ನೋಡುತ್ತಾರೆ: 38.5 ಡಿಗ್ರಿ ಅಥವಾ ಹೆಚ್ಚು ಜ್ವರ, ಟಾನ್ಸಿಲ್ ಮೇಲೆ ಬಿಳಿ ಪದರ, ದವಡೆ ಮೂಲೆಯಲ್ಲಿ ಮುಟ್ಟಿದರೆ ನೋಯುವ ಗಡ್ಡೆ, ಕೆಮ್ಮು ಇಲ್ಲದಿರುವುದು. ದೊಡ್ಡವರಲ್ಲಿ ಇವುಗಳಲ್ಲಿ ಮೂರಾದರೂ ಇದ್ದರೆ ಮಾತ್ರ ಗಂಟಲಿನ ಸ್ವಾಬ್ ತೆಗೆದು ಸ್ಟ್ರೆಪ್-ಎ ಪರೀಕ್ಷೆ. ಮೂಗು ಸೋರುತ್ತಾ ಕೆಮ್ಮುತ್ತಾ ಹೋದವರಿಗೆ ಆ ಪರೀಕ್ಷೆಯನ್ನೂ ಮಾಡದಿರುವುದು ಉದಾಸೀನವಲ್ಲ. ಆ ಬ್ಯಾಕ್ಟೀರಿಯಾ ಆರೋಗ್ಯವಂತರ ಗಂಟಲಲ್ಲೂ ಸುಮ್ಮನೆ ಕೂತಿರಬಹುದು, ಪರೀಕ್ಷೆ ಮಾಡಿದರೆ ದಾರಿ ತಪ್ಪುತ್ತದೆ. ಬೆರಳ ತುದಿಯ ರಕ್ತದಿಂದ ನೋಡುವ ಸಿಆರ್‌ಪಿ ಎಂಬ ಉರಿಯೂತದ ಅಳತೆ ಇನ್ನೊಂದು ಸುಳಿವು. ಅದೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ.

ಮುಂದೆ ಹೋಗುವ ಮುನ್ನ ಇಷ್ಟು ನೆನಪಿಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಉಸಿರಾಟದ ಕಷ್ಟ, ಕತ್ತು ಬಿಗಿತ, ಮಂಕು ಕವಿದಂತಾಗುವುದು, ಒತ್ತಿದರೂ ಮಾಯವಾಗದ ಚರ್ಮದ ಚುಕ್ಕೆ ಕಂಡರೆ ಈ ಹಾಳೆ ಬದಿಗಿರಲಿ; ತಕ್ಷಣ ಆಸ್ಪತ್ರೆಗೆ ಹೋಗಿ ಅಥವಾ 112ಕ್ಕೆ ಕರೆ ಮಾಡಿ. ಅಷ್ಟು ತುರ್ತಲ್ಲದ್ದಕ್ಕೆ 1177. ಹಗಲು ರಾತ್ರಿ ನರ್ಸ್ ಫೋನೆತ್ತುತ್ತಾರೆ.

ಹಂತ 2: ನೇರಳೆಯೋ, ಗುಲಾಬಿಯೋ?

ಈಗ ಬಲಗಡೆಯನ್ನೇ ಇನ್ನೆರಡು ಭಾಗ ಮಾಡಿ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯ ಬರ್ಲಿನ್ನಿನಲ್ಲಿ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಚ್ಚಿ, ಅಯೋಡಿನ್ ಹಾಕಿ, ಆಲ್ಕೋಹಾಲಿನಿಂದ ತೊಳೆದರು. ಕೆಲವು ಬಣ್ಣ ಹಿಡಿದುಕೊಂಡವು, ಕೆಲವು ಬಿಟ್ಟವು. ಬಿಟ್ಟವಕ್ಕೆ ಈಗ ಗುಲಾಬಿ ಬಣ್ಣ ಹಚ್ಚುತ್ತಾರೆ. ನೇರಳೆಯವು ಗ್ರಾಮ್ ಪಾಸಿಟಿವ್, ಗುಲಾಬಿಯವು ಗ್ರಾಮ್ ನೆಗೆಟಿವ್.

ಇದರ ಗುಟ್ಟು ಗೋಡೆಯಲ್ಲಿದೆ. ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಕ್ಕೆ ದಪ್ಪ ಗೋಡೆಯೊಂದೇ, ಅದು ಬೀದಿಗೇ ತೆರೆದಿದೆ. ಗ್ರಾಮ್ ನೆಗೆಟಿವ್‌ಗೆ ಗೋಡೆ ತೆಳು, ಆದರೆ ಅದರ ಹೊರಗೆ ಮನೆಗೆ ಕಾಂಪೌಂಡ್ ಇದ್ದಂತೆ ಇನ್ನೊಂದು ಪೊರೆ, ಅದರಲ್ಲಿ ಸಣ್ಣ ಸಣ್ಣ ಗೇಟು. ದೊಡ್ಡ ಅಣುವಿನ ಮದ್ದು ಆ ಗೇಟಿನಲ್ಲಿ ತೂರಲಾರದು. ವ್ಯಾಂಕೋಮೈಸಿನ್ ಇ. ಕೋಲೈ ಮುಂದೆ ಸೋಲುವುದು ಇದಕ್ಕೇ: ಅದರ ಅಣು ತೀರಾ ದೊಡ್ಡದು.

ಗ್ರಾಮ್ ಪಾಸಿಟಿವ್ ಕೆಳಗೆ ಬರೆಯಿರಿ: ಸ್ಟ್ರೆಪ್ಟೋಕಾಕಸ್ (ಗಂಟಲು), ನ್ಯುಮೋಕಾಕಸ್ (ನ್ಯುಮೋನಿಯಾ, ಕಿವಿ), ಸ್ಟಫೈಲೋಕಾಕಸ್ (ಕುರು, ಗಾಯದ ಕೀವು). ಗ್ರಾಮ್ ನೆಗೆಟಿವ್ ಕೆಳಗೆ: ಇ. ಕೋಲೈ (ಮೂತ್ರನಾಳ), ಕ್ಲೆಬ್ಸಿಯೆಲ್ಲಾ, ಟೈಫಾಯ್ಡಿನ ಸಾಲ್ಮೊನೆಲ್ಲಾ, ಸ್ಯೂಡೋಮೋನಾಸ್. ಅಂಚಿನಲ್ಲಿ ಮೂರನೆಯ ಪುಟ್ಟ ಚೌಕ: ಮೈಕೋಪ್ಲಾಸ್ಮಾ, ಕ್ಲಮೀಡಿಯಾ, ಲೀಜಿಯೊನೆಲ್ಲಾ. ಈ ಬಣ್ಣದ ಲೆಕ್ಕಕ್ಕೆ ಇವು ಸರಿಯಾಗಿ ಸಿಗುವುದಿಲ್ಲ. ಆಮ್ಲಜನಕವಿಲ್ಲದ ಕಡೆ ಬದುಕುವವಕ್ಕೆ ನಾಲ್ಕನೆಯ ಚೌಕ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ಹೊದಿಕೆ, ಅದರ ಮದ್ದುಗಳ ಪಟ್ಟಿಯೇ ಬೇರೆ. ಅದನ್ನು ಇಲ್ಲಿ ತರುವುದಿಲ್ಲ.

ಹಂತ 3: ಮದ್ದು ಎಲ್ಲಿಗೆ ಹೊಡೆಯುತ್ತದೆ?

ಮುಖ್ಯವಾಗಿ ನಾಲ್ಕು ಗುರಿ. ಗೋಡೆ ಕಟ್ಟುವ ಕೆಲಸ, ಪ್ರೋಟೀನ್ ತಯಾರಿಸುವ ರೈಬೋಸೋಮ್, ಡಿಎನ್‌ಎ, ಮತ್ತು ಫೋಲಿಕ್ ಆಮ್ಲ ತಯಾರಿಕೆ. ಪೆನಿಸಿಲಿನ್ ಗೋಡೆ ಕಟ್ಟುವುದನ್ನು ನಿಲ್ಲಿಸುತ್ತದೆ. ನಮ್ಮ ಜೀವಕೋಶಗಳಿಗೆ ಆ ಗೋಡೆಯೇ ಇಲ್ಲದ್ದರಿಂದ ಅಲರ್ಜಿ ಇಲ್ಲದವರಿಗೆ ಅದು ಅಷ್ಟು ನಿರಪಾಯ. ಮೈಕೋಪ್ಲಾಸ್ಮಾಕ್ಕೂ ಗೋಡೆ ಇಲ್ಲ. ಅಲ್ಲಿ ಪೆನಿಸಿಲಿನ್ ಎಷ್ಟು ಕೊಟ್ಟರೂ ವ್ಯರ್ಥ. ಈ ಒಂದು ವಾಕ್ಯ ಅರ್ಥವಾದರೆ ಅರ್ಧ ಪಾಠ ಮುಗಿದಂತೆ.

ಹಂತ 4: ಕುಟುಂಬಗಳನ್ನು ಜೋಡಿಸಿ

ಮೊದಲು ಪೆನಿಸಿಲಿನ್ನುಗಳು, ಇಲ್ಲಿ ಅವಸರ ಬೇಡ. ಕೋವೆಪೆನಿನ್‌ನಲ್ಲಿರುವುದು ಪೆನಿಸಿಲಿನ್ ವಿ. ಗಂಟಲಿನ ಸ್ಟ್ರೆಪ್ಟೋಕಾಕಸ್, ನ್ಯುಮೋಕಾಕಸ್, ಬೊರ್ರೇಲಿಯಾದ ಉಂಗುರ, ಕಾಲು ಕೆಂಪಗೆ ಊದಿ ಚಳಿಜ್ವರ ಬರುವ ಎರಿಸಿಪೆಲಸ್ ಇವಕ್ಕೆ ಸ್ವೀಡನ್ನಿನಲ್ಲಿ ಇದೇ ಮೊದಲ ಆಯ್ಕೆ. ಇಷ್ಟು ದಶಕ ಬಳಸಿದರೂ ಗಂಟಲಿನ ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಪೆನಿಸಿಲಿನ್ನನ್ನು ಎದುರಿಸಲು ಕಲಿತಿಲ್ಲ. ಇದರ ವ್ಯಾಪ್ತಿ ಕಿರಿದು, ಅದೇ ಇದರ ಗುಣ: ಕರುಳಿನಲ್ಲಿ ನಮ್ಮ ಜೊತೆ ಬಾಳುವ ನೂರಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಕೆಣಕದೆ ಬೇಕಾದದ್ದನ್ನು ಹೊಡೆಯುತ್ತದೆ.

ಅದು ಇಂದಿಗೂ ಇಲ್ಲಿ ಕೆಲಸ ಮಾಡುವುದು ತಾನಾಗಿ ಆದದ್ದಲ್ಲ. ಪಶು ಆಹಾರದಲ್ಲಿ ಬೆಳವಣಿಗೆಗೆಂದು ಆಂಟಿಬಯೋಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು. ಇಡೀ ಯುರೋಪಿಯನ್ ಒಕ್ಕೂಟ ಆ ಹೆಜ್ಜೆ ಇಟ್ಟದ್ದು 2006ರಲ್ಲಿ. 1990ರ ದಶಕದ ಆರಂಭದಲ್ಲಿ ದಕ್ಷಿಣದ ಸ್ಕೋನೆ ಪ್ರಾಂತ್ಯದ ಮಕ್ಕಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ನ್ಯುಮೋಕಾಕಸ್ ಹರಡಿದಾಗ ವೈದ್ಯರು ಗಾಬರಿಯಾದರು, 1995ರಲ್ಲಿ ಸ್ಟ್ರಾಮಾ ಎಂಬ ಜಾಲ ಕಟ್ಟಿದರು. ಪ್ರತಿ ಪ್ರಾಂತ್ಯದಲ್ಲೂ ಅದರ ಗುಂಪು ಸ್ಥಳೀಯ ವೈದ್ಯರ ಜೊತೆ ಕೂತು ಎಷ್ಟು ಬರೆಯುತ್ತಿದ್ದೀರಿ, ಏನು ಬರೆಯುತ್ತಿದ್ದೀರಿ ಎಂದು ನೋಡುತ್ತದೆ. 1992ರ ಸುಮಾರಿಗೆ ವರ್ಷಕ್ಕೆ ಸಾವಿರ ಜನರಿಗೆ 560ರ ಆಸುಪಾಸು ಆಂಟಿಬಯೋಟಿಕ್ ಚೀಟಿ ಬರೆಯುತ್ತಿದ್ದ ದೇಶ 250ರ ಗುರಿ ಇಟ್ಟುಕೊಂಡಿತು. ಡಾಕ್ಟರು ಜಿಪುಣರೆಂದು ನಮಗೆ ಕಾಣುವುದರ ಹಿಂದೆ ಇಷ್ಟು ವರ್ಷಗಳ ದುಡಿಮೆ ಇದೆ. ನಾನಿದನ್ನು ಮನಸಾರೆ ಗೌರವಿಸುತ್ತೇನೆ.

ಸ್ಟಫೈಲೋಕಾಕಸ್ ಬೇರೆ ಜಾತಿ. ಇದರ ಬಹುಪಾಲು ತಳಿಗಳು ಪೆನಿಸಿಲಿನ್ನನ್ನು ತುಂಡರಿಸುವ ಕಿಣ್ವ ತಯಾರಿಸುತ್ತವೆ. ಆ ಕಿಣ್ವಕ್ಕೆ ಸಿಕ್ಕದ ಪೆನಿಸಿಲಿನ್ನು ಫ್ಲುಕ್ಲೋಕ್ಸಾಸಿಲಿನ್, ಇಲ್ಲಿಯ ಹೆಸರು ಹೆರಾಸಿಲಿನ್. ಸೋಂಕಾದ ಗಾಯಕ್ಕೆ ಇದು. ಕುರುವಾದರೆ ಬಹಳ ಸಲ ಕೊಯ್ದು ಕೀವು ತೆಗೆದರೆ ಸಾಕು. ಈ ಮದ್ದಿಗೂ ಬಗ್ಗದ ಸ್ಟಫೈಲೋಕಾಕಸ್ಸೇ ಎಂಆರ್‌ಎಸ್‌ಎ. ಅದರ ಗಂಭೀರ ಸೋಂಕಿಗೆ ವ್ಯಾಂಕೋಮೈಸಿನ್ ಬರುತ್ತದೆ.

ಅಮಾಕ್ಸಿಸಿಲಿನ್ ಇನ್ನಷ್ಟು ಅಗಲ ವ್ಯಾಪ್ತಿಯ ಪೆನಿಸಿಲಿನ್, ಕೆಲವು ಗ್ರಾಮ್ ನೆಗೆಟಿವ್‌ಗಳನ್ನೂ ಹಿಡಿಯುತ್ತದೆ. ಅದಕ್ಕೆ ಕ್ಲಾವುಲಾನಿಕ್ ಆಮ್ಲ ಸೇರಿಸಿದರೆ ಆ ತುಂಡರಿಸುವ ಕಿಣ್ವದ ಕೈ ಕಟ್ಟಿಹೋಗುತ್ತದೆ. ಆಗ್ಮೆಂಟಿನ್ ಅಂದರೆ ಇದೇ. ಪಿವ್‌ಮೆಸಿಲಿನಾಮ್, ಇಲ್ಲಿ ಸೆಲೆಕ್ಸಿಡ್, ಪೆನಿಸಿಲಿನ್ ಮನೆತನದ್ದೇ ಆದರೂ ಗ್ರಾಮ್ ನೆಗೆಟಿವ್ ಮೇಲೆಯೇ ಇದರ ಗಮನ. ಡೆನ್ಮಾರ್ಕಿನಲ್ಲಿ ಹುಟ್ಟಿ ನಾರ್ಡಿಕ್ ದೇಶಗಳಲ್ಲಿ ಉರಿಮೂತ್ರಕ್ಕೆ ದಶಕಗಳಿಂದ ಬಳಕೆಯಲ್ಲಿದೆ.

ಸೆಫಲೋಸ್ಪೊರಿನ್, ಕಾರ್ಬಾಪೆನೆಮ್ ಇವೂ ಗೋಡೆಗೇ ಹೊಡೆಯುವ ಬೀಟಾ ಲ್ಯಾಕ್ಟಮ್ ವಂಶ. ಸೆಫಲೋಸ್ಪೊರಿನ್ನುಗಳಲ್ಲಿ ಒಂದಾದ ಸೆಫೊಟಾಕ್ಸಿಮ್ ನಂಜು ರಕ್ತಕ್ಕೇರಿದಾಗ ಆಸ್ಪತ್ರೆಯ ಮದ್ದು. ಕಾರ್ಬಾಪೆನೆಮ್ ಗುಂಪಿನ ಮೆರೊಪೆನೆಮ್ ಬಹುತೇಕ ಎಲ್ಲವನ್ನೂ ಹಿಡಿಯುತ್ತದೆ, ಅದಕ್ಕೇ ಅದನ್ನು ಬೇರೆ ಮದ್ದು ನಾಟದ ರೋಗಿಗಳಿಗೆಂದು ತೆಗೆದಿಡುತ್ತಾರೆ.

ಈಗ ರೈಬೋಸೋಮಿನ ಕಡೆ. ಡಾಕ್ಸಿಸೈಕ್ಲಿನ್ (ಡಾಕ್ಸಿಫರ್ಮ್) ಟೆಟ್ರಾಸೈಕ್ಲಿನ್ ಕುಟುಂಬ. ಗೋಡೆಯಿಲ್ಲದ ಮೈಕೋಪ್ಲಾಸ್ಮಾ, ಕ್ಲಮೀಡಿಯಾ, ನರಗಳಿಗಿಳಿದ ಬೊರ್ರೇಲಿಯಾಕ್ಕೆ ಇದು. ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲೋಟ ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು; ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಎಂಟರೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಜಿತ್ರೋಮೈಸಿನ್, ಎರಿತ್ರೋಮೈಸಿನ್ ಮ್ಯಾಕ್ರೋಲೈಡ್‌ಗಳು. ನಮ್ಮಲ್ಲಿ ಮೂರು ದಿನದ ಅಜಿತ್ರೋ ಬಹಳ ಪ್ರಿಯ. ಆದರೆ ಅದು ನಿಲ್ಲಿಸಿದ ಮೇಲೂ ಬಹಳ ದಿನ ಕಡಿಮೆ ಪ್ರಮಾಣದಲ್ಲಿ ದೇಹದಲ್ಲಿ ಉಳಿಯುತ್ತದೆ, ಬ್ಯಾಕ್ಟೀರಿಯಾಕ್ಕೆ ಅದನ್ನು ಎದುರಿಸಲು ಕಲಿಯುವ ಅವಕಾಶ ಸಿಗುತ್ತದೆ. ಕ್ಲಿಂಡಮೈಸಿನ್ ಪೆನಿಸಿಲಿನ್ ಅಲರ್ಜಿ ಇರುವವರ ಗಂಟಲಿಗೆ. ಜೆಂಟಾಮೈಸಿನ್ ಅಮಿನೋಗ್ಲೈಕೊಸೈಡ್, ರಕ್ತನಾಳಕ್ಕೆ ಚುಚ್ಚಿ ಕೊಡುವಂಥದ್ದು, ಗ್ರಾಮ್ ನೆಗೆಟಿವ್ ನಂಜಿಗೆ. ಕಿವಿ ಮತ್ತು ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು, ಹಾಗಾಗಿ ಕಣ್ಣಿಟ್ಟು ಕೊಡುತ್ತಾರೆ. ಅದು ಬ್ಯಾಕ್ಟೀರಿಯಾದೊಳಗೆ ಹೋಗಲು ಆಮ್ಲಜನಕ ಬೇಕು, ನಾಲ್ಕನೆಯ ಚೌಕದವಕ್ಕೆ ನಾಟದು. ಮೆಟ್ರೊನಿಡಜೋಲ್ ಅದರ ತಿರುಗುಮುರುಗು: ಆಮ್ಲಜನಕವಿಲ್ಲದೆ ಬದುಕುವವನ್ನೇ ಹೊಡೆಯುತ್ತದೆ, ಆದರೆ ಇದರ ಗುರಿ ರೈಬೋಸೋಮ್ ಅಲ್ಲ, ಡಿಎನ್‌ಎ.

ಡಿಎನ್‌ಎಗೆ ಹೊಡೆಯುವ ಇನ್ನೊಂದು ಮದ್ದು ಸಿಪ್ರೊಫ್ಲಾಕ್ಸಾಸಿನ್. ಜ್ವರ ಬರುವ ಮೂತ್ರಪಿಂಡದ ಸೋಂಕಿಗೆ ಒಳ್ಳೆಯದು, ನ್ಯುಮೋಕಾಕಸ್‌ಗೆ ದುರ್ಬಲ. ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಇರುವುದರಿಂದ ಸಣ್ಣಪುಟ್ಟದ್ದಕ್ಕೆ ಕೊಡಬಾರದೆಂದು 2018ರಲ್ಲಿ ಯುರೋಪಿನ ಔಷಧ ಸಂಸ್ಥೆ ಬಿಗಿಮಾಡಿತು. ಫೋಲಿಕ್ ಆಮ್ಲದ ದಾರಿ ಮುಚ್ಚುವವು ಸಲ್ಫಾ ಮತ್ತು ಟ್ರೈಮೆಥೊಪ್ರಿಮ್. ಮೊದಲ ಸಲ್ಫಾ ಮದ್ದಿಗಾಗಿ 1939ರ ನೊಬೆಲ್ ಗೆರ್ಹಾರ್ಡ್ ಡೊಮಾಕ್ ಅವರಿಗೆ ಸಿಕ್ಕಿತು, ಹಿಟ್ಲರನ ಸರ್ಕಾರ ಅದನ್ನು ನಿರಾಕರಿಸುವಂತೆ ಮಾಡಿತು. ಇ. ಕೋಲೈ ಈಗ ಟ್ರೈಮೆಥೊಪ್ರಿಮ್‌ಗೆ ಬಹಳ ಮಟ್ಟಿಗೆ ಒಗ್ಗಿಕೊಂಡಿದೆ, ಅದಕ್ಕೇ ಉರಿಮೂತ್ರಕ್ಕೆ ಅದು ಮೊದಲ ಆಯ್ಕೆಯಲ್ಲ.

ಹಂತ 5: ಮದ್ದು ಆ ಜಾಗಕ್ಕೆ ತಲುಪುತ್ತದೆಯೇ?

ಬ್ಯಾಕ್ಟೀರಿಯಾ ಸರಿ, ಕುಟುಂಬ ಸರಿ, ಆದರೂ ಮದ್ದು ನಾಟದಿರಬಹುದು. ನೈಟ್ರೊಫ್ಯುರಾಂಟಾಯಿನ್ (ಇಲ್ಲಿ ಫ್ಯುರಡಾಂಟಿನ್) ಮೂತ್ರದಲ್ಲಿ ಸಾಕಷ್ಟು ಸೇರುತ್ತದೆ, ರಕ್ತದಲ್ಲಿ ಸೇರುವುದಿಲ್ಲ. ಹೆಂಗಸರ ಮಾಮೂಲಿ ಉರಿಮೂತ್ರಕ್ಕೆ ಇದು ಅಥವಾ ಸೆಲೆಕ್ಸಿಡ್, ಐದು ದಿನ. ಆದರೆ ಸೋಂಕು ಮೇಲೇರಿ ಬೆನ್ನು ನೋವು, ಜ್ವರ ಬಂದರೆ ನೈಟ್ರೊಫ್ಯುರಾಂಟಾಯಿನ್ ನಂಬಿ ಕೂರುವಂತಿಲ್ಲ. ಪ್ರತಿ ಮದ್ದಿನ ಪಕ್ಕದಲ್ಲಿ ಅದು ಎಲ್ಲೆಲ್ಲಿ ತಲುಪುತ್ತದೆ ಎಂದು ಒಂದು ಅಂಕಣ ಬರೆಯಿರಿ.

ಹಂತ 6: ಲ್ಯಾಬ್ ರಿಪೋರ್ಟ್ ಓದಿ

ಮೂತ್ರ ಅಥವಾ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು, ಮದ್ದುಗಳ ಸಾಲು, ಪ್ರತಿಯೊಂದರ ಮುಂದೆ ಎಸ್, ಐ, ಅಥವಾ ಆರ್ ಎಂಬ ಅಕ್ಷರ. ಎಸ್ ಅಂದರೆ ಮಾಮೂಲಿ ಪ್ರಮಾಣಕ್ಕೆ ಬಗ್ಗುತ್ತದೆ. ಆರ್ ಅಂದರೆ ಬಗ್ಗದು. ಐ ಎಂಬುದನ್ನು ಹಲವರು ಅನುಮಾನ ಎಂದು ಓದುತ್ತಾರೆ. 2019ರಿಂದ ಯುರೋಪಿನಲ್ಲಿ ಅದರ ಅರ್ಥ ಪ್ರಮಾಣ ಹೆಚ್ಚಿಸಿದರೆ ಬಗ್ಗುತ್ತದೆ ಎಂದು. ಈ ಗಡಿಗಳನ್ನು ನಿಗದಿ ಮಾಡುವ ಯುರೋಪಿನ ಸಮಿತಿ ಯುಕಾಸ್ಟ್. ಅದರ ಪರೀಕ್ಷಾ ವಿಧಾನ ರೂಪಿಸುವ ಪ್ರಯೋಗಾಲಯ ಸ್ವೀಡನ್ನಿನ ವೆಕ್ಶೋ ಊರಿನಲ್ಲಿದೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಮದ್ದಿನ ಬಿಲ್ಲೆ ಇಟ್ಟು, ಸುತ್ತ ಎಷ್ಟು ಅಗಲ ಖಾಲಿಯಾಯಿತೆಂದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಗಮನಿಸಿ: ಬೇರೆ ಬೇರೆ ಮದ್ದುಗಳ ಖಾಲಿ ವೃತ್ತವನ್ನು ಒಂದಕ್ಕೊಂದು ಹೋಲಿಸಬಾರದು. ದೊಡ್ಡ ವೃತ್ತದ ಮದ್ದೇ ಹೆಚ್ಚು ಒಳ್ಳೆಯದೆಂದಲ್ಲ. ಪ್ರತಿ ಮದ್ದಿಗೂ ಗಡಿ ಬೇರೆ. ಎಸ್ ಇರುವವುಗಳಲ್ಲಿ ವ್ಯಾಪ್ತಿ ಅತಿ ಕಿರಿದಾದದ್ದನ್ನು ಹುಡುಕಿ. ವೈದ್ಯರೂ ಸಾಮಾನ್ಯವಾಗಿ ಅದನ್ನೇ ಹುಡುಕುತ್ತಾರೆ.

ಹಂತ 7: ಮಾತ್ರೆ ಕೈಗೆ ಬಂದ ಮೇಲೆ

ಚೀಟಿ ಕಂಪ್ಯೂಟರಿನಲ್ಲೇ ಹೋಗಿರುತ್ತದೆ, ಯಾವ ಅಪೊಟೆಕ್, ಅಂದರೆ ಔಷಧಿ ಅಂಗಡಿಯಲ್ಲಾದರೂ ಗುರುತಿನ ಚೀಟಿ ತೋರಿಸಿ ಪಡೆಯಬಹುದು. ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಿದಂತೆಯೇ ಪಾಲಿಸಿ. ಈ ದಿನಗಳೂ ಸಂಶೋಧನೆಯಿಂದ ಬದಲಾಗುತ್ತವೆ: ಗಂಟಲಿನ ಸ್ಟ್ರೆಪ್ಟೋಕಾಕಸ್‌ಗೆ ಹತ್ತು ದಿನ, ದಿನಕ್ಕೆ ಮೂರು ಸಲ ಕೊಡುತ್ತಿದ್ದ ಪೆನಿಸಿಲಿನ್ನನ್ನು ಐದು ದಿನ, ದಿನಕ್ಕೆ ನಾಲ್ಕು ಸಲ ಕೊಟ್ಟರೆ ಹೇಗೆ ಎಂದು ಸ್ವೀಡನ್ನಿನ 17 ಆರೋಗ್ಯ ಕೇಂದ್ರಗಳಲ್ಲಿ ಹೋಲಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ: ರೋಗ ವಾಸಿಯಾಗುವುದರಲ್ಲಿ ಐದು ದಿನ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಹಳೇ ಚೀಟಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಮಕ್ಕಳ ಪೆನಿಸಿಲಿನ್ ದ್ರವದ ರುಚಿ ನಿಜಕ್ಕೂ ಕೆಟ್ಟದ್ದು. ಮೊದಲು ತಣ್ಣನೆಯದೇನಾದರೂ ಬಾಯಿಗೆ ಕೊಟ್ಟು, ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಪೆನಿಸಿಲಿನ್ ಅಲರ್ಜಿ ಇದೆ ಎಂದು ಹೇಳುವ ಮುನ್ನ, ಚಿಕ್ಕಂದಿನಲ್ಲಿ ಅದನ್ನು ನುಂಗಿದಾಗ ಏನಾಯಿತೆಂದು ಅಮ್ಮನನ್ನು ಕೇಳಿಕೊಳ್ಳಿ: ತುಟಿ ಊದಿತೇ, ಉಸಿರು ಕಟ್ಟಿತೇ, ಅಥವಾ ಬರೀ ಭೇದಿಯೇ? ಭೇದಿ ಅಲರ್ಜಿಯಲ್ಲ. ತಪ್ಪಾಗಿ ಅಂಟಿದ ಅಲರ್ಜಿ ಹಣೆಪಟ್ಟಿಯಿಂದ ಎಷ್ಟೋ ಜನ ಜೀವನವಿಡೀ ಒಳ್ಳೆಯ ಮದ್ದನ್ನು ಕಳೆದುಕೊಳ್ಳುತ್ತಾರೆ. ಉಳಿದ ಮಾತ್ರೆ ಕಸಕ್ಕೂ ಬೇಡ, ಟಾಯ್ಲೆಟ್ಟಿಗೂ ಬೇಡ, ಅಪೊಟೆಕ್‌ಗೆ ಹಿಂತಿರುಗಿಸಿ.

ಹಂತ 8: ಊರಿಗೆ ಹೋಗಿ ಬಂದಾಗ

ಭಾರತದಲ್ಲಿ ಆಸ್ಪತ್ರೆ ಸೇರಿದ್ದ, ಸ್ವೀಡನ್ನಿನಲ್ಲಿ ನೆಲೆಸಿದ ಭಾರತ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಕಾರ್ಬಾಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಮೆರೊಪೆನೆಮ್ಮನ್ನೂ ತುಂಡರಿಸುವ ಹೊಸ ಕಿಣ್ವ ಅದರಲ್ಲಿತ್ತು, ಅದಕ್ಕೆ ಎನ್‌ಡಿಎಂ-1 ಎಂದು ಹೆಸರಾಯಿತು. ಆ ಹೆಸರಿನಲ್ಲಿ ನವದೆಹಲಿ ಸೇರಿದ್ದಕ್ಕೆ ಭಾರತದಲ್ಲಿ ಬಹಳ ಆಕ್ಷೇಪ ಬಂತು. ಹೆಸರಿನ ಜಗಳ ಏನೇ ಇರಲಿ, ಇಂಥ ಜೀನುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ, ನಮ್ಮ ಕರುಳಲ್ಲಿ ಕೂತು ವಿಮಾನವನ್ನೂ ಹತ್ತುತ್ತವೆ.

ಹಾಗಾಗಿ ಊರಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ, ಆಪರೇಶನ್, ಹೆರಿಗೆ, ಡಯಾಲಿಸಿಸ್ ಏನಾದರೂ ಆಗಿದ್ದರೆ ಇಲ್ಲಿಯ ವೈದ್ಯರಿಗೆ ಮೊದಲೇ ಹೇಳಿ. ಮೂಗು, ಗಾಯ, ಗುದದ ಸ್ವಾಬ್ ಕೇಳಿದರೆ ಅವಮಾನವೆಂದುಕೊಳ್ಳಬೇಡಿ. ಹೊರದೇಶದ ಆಸ್ಪತ್ರೆಯಿಂದ ಬಂದ ಸ್ವೀಡಿಶರಿಗೂ ಅದೇ ನಿಯಮ. ಹಿಂತಿರುಗಿದ ವಾರಗಳಲ್ಲಿ ಬಿಡದ ಜ್ವರ ಬಂದರೆ 1177ಕ್ಕೆ ಕರೆ ಮಾಡಿದಾಗ "ಕರ್ನಾಟಕದಿಂದ ಬಂದೆ" ಎಂಬುದನ್ನೇ ಮೊದಲ ವಾಕ್ಯ ಮಾಡಿ. ಆಗ ಮಲೇರಿಯಾ, ಡೆಂಗಿ, ಟೈಫಾಯ್ಡ್ ಅವರ ಮನಸ್ಸಿಗೆ ಬರುತ್ತವೆ. ಟೈಫಾಯ್ಡಿಗೆ ಇಲ್ಲಿ ಊರಿನ ವಿಡಾಲ್ ರಕ್ತಪರೀಕ್ಷೆಯನ್ನು ನೆಚ್ಚಿಕೊಳ್ಳದೆ ರಕ್ತದ ಕಲ್ಚರ್ ಮಾಡುತ್ತಾರೆ. ದಕ್ಷಿಣ ಏಷ್ಯಾದ ಟೈಫಾಯ್ಡ್ ತಳಿಗಳಿಗೆ ಸಿಪ್ರೊಫ್ಲಾಕ್ಸಾಸಿನ್ ಹೆಚ್ಚಾಗಿ ನಾಟುವುದಿಲ್ಲ, ಸೆಫ್ಟ್ರಿಯಾಕ್ಸೋನ್ ಅಥವಾ ಅಜಿತ್ರೋಮೈಸಿನ್ ಬೇಕಾಗುತ್ತದೆ. ಈ ರೋಗಕ್ಕೆ ಅಜಿತ್ರೋ ಸರಿಯಾದ ಮದ್ದೇ. ಆದರೆ ರಕ್ತ ತೆಗೆಯುವ ಮುನ್ನವೇ ಸೂಟ್‌ಕೇಸಿನಲ್ಲಿ ತಂದ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ನುಂಗಿದರೆ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಈಗಾಗಲೇ ನುಂಗಿದ್ದರೆ ಯಾವುದು, ಎಷ್ಟು, ಯಾವಾಗ ಎಂದು ನರ್ಸಿಗೆ ಹೇಳಿ, ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ.